ಹಂಗೇರಿಯನ್ನು ಅರ್ಧ ಓದಿ ಮುಚ್ಚಿಡಬೇಡಿ

ಗೆಳೆಯರೇ, ಮೊದಲು ಒಂದು ಪ್ರಶ್ನೆ. ರೈಲಿನಲ್ಲಿ ನೀವು ಹತ್ತುವ ಕೋಚ್, ಮೈದಾನದಲ್ಲಿ ನಿಮ್ಮನ್ನು ಓಡಿಸಿ ಸುಸ್ತು ಮಾಡುವ ಕೋಚ್, ಅಪ್ಪ ಸಾಲ ಮಾಡಿ ಸೇರಿಸಿದ ಕೋಚಿಂಗ್ ಕ್ಲಾಸು... ಈ ‘ಕೋಚ್’ ಯಾವ ಭಾಷೆಯ ಪದ?

ಇಂಗ್ಲಿಷ್ ಅಂತೀರಿ. ಅಲ್ಲ! ಅದು ಹಂಗೇರಿಯ ಒಂದು ಹಳ್ಳಿಯ ಹೆಸರು. ಬುಡಾಪೆಸ್ಟಿನಿಂದ ವಿಯೆನ್ನಾಕ್ಕೆ ಹೋಗುವ ದಾರಿಯಲ್ಲಿ ಕೊಚ್ ಅಂತ ಒಂದು ಊರು. ಐನೂರು ವರ್ಷಗಳ ಹಿಂದೆ ಅಲ್ಲಿಯವರು ಹಗುರವಾದ, ವೇಗವಾಗಿ ಓಡುವ ಕುದುರೆಗಾಡಿ ಕಟ್ಟುತ್ತಿದ್ದರು. ನಾವು ‘ಇಳಕಲ್ ಉಟ್ಟಳು’ ಅಂದರೆ ಸೀರೆ ಅಂತ ತಿಳಿಯುವ ಹಾಗೆ, ‘ಕೊಚಿ’ ಅಂದರೆ ಕೊಚ್ ಊರಿನ ಗಾಡಿ ಅಂತ ಯುರೋಪಿಗೆಲ್ಲ ಗೊತ್ತಾಯಿತು. ಜರ್ಮನ್ನರು ಎತ್ತಿಕೊಂಡರು, ಫ್ರೆಂಚರು ಎತ್ತಿಕೊಂಡರು, ಇಂಗ್ಲಿಷರೂ ಎತ್ತಿಕೊಂಡರು. ಬೆಂಗಳೂರು ರೈಲು ನಿಲ್ದಾಣದಲ್ಲಿ ನಿಂತು ‘ನಮ್ಮ ಕೋಚ್ ಎಲ್ಲಿ ನಿಲ್ಲುತ್ತೆ’ ಅಂತ ಕೇಳುವಾಗ ನೀವು ಆ ಹಳ್ಳಿಯ ಹೆಸರನ್ನೇ ಹೇಳುತ್ತಿರುತ್ತೀರಿ.

ಕ್ವಿಜ್ ಪುಸ್ತಕಗಳಲ್ಲಿ ಹಂಗೇರಿ ಅಂದರೆ ಇಂಥ ಒಂದೊಂದು ಗೆರೆ. ರಾಜಧಾನಿ ಬುಡಾಪೆಸ್ಟ್, ನದಿ ಡ್ಯಾನ್ಯೂಬ್. ಬಣ್ಣದ ಘನ ತಿರುಗಿಸುವ ಆಟ ಕಂಡುಹಿಡಿದವನು ರೂಬಿಕ್ ಎರ್ನೊ, 1974. ಬಾಲ್‌ಪೆನ್ನು ಕೊಟ್ಟವನು ಬೀರೊ ಲಾಸ್ಲೊ. ಊಟ ಗುಲಾಶ್. ಚಿತ್ರಕಾರ್ತಿ ಅಮೃತಾ ಶೇರ್‌ಗಿಲ್ ಹುಟ್ಟಿದ್ದು ಎಲ್ಲಿ? ಬುಡಾಪೆಸ್ಟ್, 1913, ತಾಯಿ ಹಂಗೇರಿಯವಳು. ಗೊತ್ತಿದ್ದರೆ ಅಂಕ, ಗೊತ್ತಿಲ್ಲದಿದ್ದರೆ ಪಕ್ಕದ ತಂಡಕ್ಕೆ ಪಾಸ್! ಇದನ್ನು ಹೀಗಳೆಯುತ್ತಿಲ್ಲ, ನಾನೂ ಇವನ್ನು ಬಾಯಿಪಾಠ ಮಾಡಿದವನೇ. ಆದರೆ ಈ ಗೆರೆಗಳ ಹಿಂದೆ ಒಂದು ನುಡಿಯ ಕಥೆ ಇದೆ. ಭಾಷೆ ಭಾಷೆ ಅಂತ ದಿನಾ ಮಾತಾಡುವ ನಮಗೆ ಆ ಕಥೆ ಪೂರ್ತಿ ಗೊತ್ತಿರಲೇಬೇಕು. ‘ಪೂರ್ತಿ’ ಅನ್ನುವುದಕ್ಕೆ ಕಾರಣ ಇದೆ, ಮುಂದೆ ಹೇಳುತ್ತೇನೆ.

2022ರ ಜನಗಣತಿಯಂತೆ ಹಂಗೇರಿಯ ಜನ ಸುಮಾರು 96 ಲಕ್ಷ. ನಮ್ಮ ಒಂದು ಬೆಂಗಳೂರಿಗಿಂತ ಕಡಿಮೆ! ಆ ಪುಟ್ಟ ನುಡಿಗೆ ಸಾಹಿತ್ಯದ ನೊಬೆಲ್ ಎರಡು ಸಲ ಬಂದಿದೆ. 2002ರಲ್ಲಿ ಕೆರ್ತೇಸ್ ಇಮ್ರೆ, 2025ರಲ್ಲಿ ಕ್ರಸ್ನಹೋರ್ಕಯಿ ಲಾಸ್ಲೊ. ಹೆಸರು ತಿರುಗಿಸಿ ಬರೆದೆ ಅಂದುಕೊಳ್ಳಬೇಡಿ. ಅವರಲ್ಲಿ ಮನೆತನದ ಹೆಸರು ಮೊದಲು, ತನ್ನ ಹೆಸರು ಕೊನೆಗೆ. ಕುಪ್ಪಳ್ಳಿ ವೆಂಕಟಪ್ಪ ಪುಟ್ಟಪ್ಪ ಅನ್ನುವ ನಮಗೆ ಇದೇನು ವಿಚಿತ್ರವಲ್ಲ, ಇಂಗ್ಲಿಷರಿಗೆ ವಿಚಿತ್ರ.

ಸುತ್ತ ಏಳು ದೇಶ. ಆಸ್ಟ್ರಿಯದಲ್ಲಿ ಜರ್ಮನ್, ರೊಮೇನಿಯದಲ್ಲಿ ಲ್ಯಾಟಿನ್ ಮೂಲದ ನುಡಿ, ಉಳಿದ ಐದು ದೇಶಗಳಲ್ಲಿ ಸ್ಲಾವ್ ನುಡಿಗಳು. ನಡುವೆ ಹಂಗೇರಿಯ ನುಡಿ ಒಂಟಿ. ಅದರ ದೂರದ ನೆಂಟರು ಫಿನ್‌ಲೆಂಡ್ ಮತ್ತು ಎಸ್ಟೋನಿಯದ ನುಡಿಗಳು. ಹತ್ತಿರದ ನೆಂಟರು ಸೈಬೀರಿಯದ ನದಿ ದಂಡೆಯ ಎರಡು ಸಣ್ಣ ನುಡಿಗಳು. ‘ಹಾಜ್’ ಅಂದರೆ ಮನೆ, ‘ಹಾಜ್‌ಬನ್’ ಅಂದರೆ ಮನೆಯಲ್ಲಿ, ‘ಹಾಜಕ್‌ಬನ್’ ಅಂದರೆ ಮನೆಗಳಲ್ಲಿ. ನೋಡಿ, ನಮ್ಮ ಹಾಗೆಯೇ ಪದದ ಬಾಲಕ್ಕೆ ಬಾಲ ಕಟ್ಟುತ್ತಾ ಹೋಗುತ್ತಾರೆ! 1856ರಲ್ಲಿ ದ್ರಾವಿಡ ನುಡಿಗಳ ವ್ಯಾಕರಣ ಬರೆದ ಕಾಲ್ಡ್‌ವೆಲ್ ಸಾಹೇಬರಿಗೂ ಇಂಥ ಹೋಲಿಕೆ ಕಂಡು, ನಮ್ಮ ನುಡಿಗಳಿಗೂ ಆ ಬಳಗಕ್ಕೂ ನೆಂಟಸ್ತಿಕೆ ಇದೆ ಅನ್ನಿಸಿತ್ತು. ಇಂದಿನ ಭಾಷಾಶಾಸ್ತ್ರಜ್ಞರು ಅದನ್ನು ಒಪ್ಪುವುದಿಲ್ಲ. ಕಟ್ಟುವ ರೀತಿ ಒಂದೇ, ರಕ್ತ ಸಂಬಂಧ ಇಲ್ಲ. ಆದ್ದರಿಂದ ಯಾರಾದರೂ ವೇದಿಕೆ ಹತ್ತಿ ‘ಹಂಗೇರಿಯವರು ಮೂಲದಲ್ಲಿ ಕನ್ನಡಿಗರು’ ಅಂದರೆ ಚಪ್ಪಾಳೆ ತಟ್ಟಬೇಡಿ.

ಈಗ ಕಥೆಗೆ ಬರೋಣ.

ಕ್ರಿ.ಶ. 1000ದ ಹೊತ್ತಿಗೆ ಸ್ಟೀಫನ್ ದೊರೆಯಾದ. ಅಲ್ಲಿಂದ ಎಂಟುನೂರು ವರ್ಷಕ್ಕೂ ಹೆಚ್ಚು ಕಾಲ ಹಂಗೇರಿಯ ಆಡಳಿತ ಭಾಷೆ ಯಾವುದು? ಲ್ಯಾಟಿನ್! ಯಾರ ಮನೆಮಾತೂ ಅಲ್ಲದ ಭಾಷೆ. ರೈತ ಹಂಗೇರಿಯನ್ ಆಡುತ್ತಿದ್ದ, ಅವನ ಜಮೀನಿನ ಪತ್ರ ಲ್ಯಾಟಿನ್ನಿನಲ್ಲಿರುತ್ತಿತ್ತು. 1784ರಲ್ಲಿ ವಿಯೆನ್ನಾದ ಚಕ್ರವರ್ತಿ ಎರಡನೇ ಜೋಸೆಫ್ ‘ಲ್ಯಾಟಿನ್ ಸತ್ತ ಭಾಷೆ, ಇನ್ನು ಮೇಲೆ ಜರ್ಮನ್’ ಅಂತ ಆಜ್ಞೆ ಹೊರಡಿಸಿದ. ಅಲ್ಲಿಯವರೆಗೆ ತೂಕಡಿಸುತ್ತಿದ್ದವರೂ ಎದ್ದು ಕೂತರು. ಎಷ್ಟು ಗಲಾಟೆಯಾಯಿತೆಂದರೆ 1790ರಲ್ಲಿ, ಸಾಯುವ ಮುಂಚೆ, ಚಕ್ರವರ್ತಿ ತಾನೇ ಹಿಂದೆ ತೆಗೆದುಕೊಳ್ಳಬೇಕಾಯಿತು.

ಆದರೆ ಬೇರೆಯವರ ಭಾಷೆ ಬೇಡ ಅನ್ನುವುದು ಒಂದು, ತಮ್ಮ ಭಾಷೆಯನ್ನು ಕೆಲಸಕ್ಕೆ ಬರುವಂತೆ ಮಾಡುವುದು ಇನ್ನೊಂದು. ಆ ಎರಡನೆಯ ಕೆಲಸಕ್ಕೆ ಕೈ ಹಾಕಿದವನು ಕಜಿಂತ್ಸಿ ಫೆರೆಂಟ್ಸ್. ರಾಜದ್ರೋಹದ ಆರೋಪದಲ್ಲಿ 1794ರಲ್ಲಿ ಜೈಲಿಗೆ ಹೋದವನು 1801ರಲ್ಲಿ ಹೊರಬಂದ. ಬಂದವನೇ ಹಳ್ಳಿಯಲ್ಲಿ ಕೂತು ದೇಶದ ಬರಹಗಾರರಿಗೆಲ್ಲ ಕಾಗದ ಬರೆಯತೊಡಗಿದ. ಹೊಸ ವಿಜ್ಞಾನಕ್ಕೆ, ಹೊಸ ಕಾನೂನಿಗೆ, ಹೊಸ ಭಾವನೆಗೆ ಪದ ಬೇಕು, ಕಟ್ಟಿ! ಕಟ್ಟಿದರು. ಸಾವಿರಾರು ಪದ ಕಟ್ಟಿದರು. ಮಿಂಚಿಗೆ ‘ವಿಲ್ಲಾಮ್’ ಅಂತ ಹಳೆಯ ಪದವಿತ್ತು, ಅದರಿಂದ ವಿದ್ಯುತ್ತಿಗೆ ‘ವಿಲ್ಲನ್ಯ್’ ಮಾಡಿದರು. ಇವತ್ತು ಹಂಗೇರಿಯ ಅಜ್ಜಿಯೂ ಹಾಗೇ ಅನ್ನುತ್ತಾಳೆ. (ನಮ್ಮಜ್ಜಿ ‘ಕರೆಂಟು ಹೋಯ್ತು’ ಅನ್ನುತ್ತಾಳೆ. ಇಲಾಖೆಯ ಬಿಲ್ಲಿನಲ್ಲಿ ಮಾತ್ರ ‘ವಿದ್ಯುತ್’.) ಎಲ್ಲವೂ ಗೆಲ್ಲಲಿಲ್ಲ. ಹಳೆಯ ಪಂಡಿತರು ಈ ಹೊಸ ಪದಗಳನ್ನು ಅಣಕಿಸಿ ಪುಸ್ತಕ ಬರೆದರು, ಇವರು ತಿರುಗಿ ಬರೆದರು, ವರ್ಷಗಟ್ಟಲೆ ಜಗಳ. ಅರ್ಧ ಪದ ಸತ್ತವು, ಅರ್ಧ ಬದುಕಿದವು. ಈ ಕಾಲದಲ್ಲೂ ಅಷ್ಟೇ. ಕಂಪ್ಯೂಟರಿಗೆ ‘ಎಣಿಸುವ ಯಂತ್ರ’ ಅನ್ನುವ ತಮ್ಮದೇ ಪದ ಬಳಸುತ್ತಾರೆ. ಫುಟ್‌ಬಾಲಿಗೆ ಮಾತ್ರ ‘ಚೆಂಡೊದೆತ’ ಅನ್ನುವ ಪದ ಇದ್ದರೂ ಬೀದಿಯ ಹುಡುಗರು ‘ಫೋತ್ಸಿ’ ಅನ್ನುತ್ತಾರೆ. ಯಾವುದನ್ನು ಇಟ್ಟುಕೊಳ್ಳಬೇಕು, ಯಾವುದನ್ನು ಬಿಡಬೇಕು ಅಂತ ಕೊನೆಗೆ ತೀರ್ಮಾನಿಸಿದ್ದು ಆಡುವ ಬಾಯಿ.

ಇನ್ನೊಬ್ಬನ ಬಗ್ಗೆ ನಗರದ ಹುಡುಗರಾದ ನೀವು ಸ್ವಲ್ಪ ನಿಧಾನವಾಗಿ ಓದಬೇಕು. ಕೌಂಟ್ ಸೇಚೆನಿ ಇಶ್ತ್ವಾನ್. ದೊಡ್ಡ ಜಮೀನುದಾರರ ಮಗ, ಹುಟ್ಟಿದ್ದೇ ವಿಯೆನ್ನಾದಲ್ಲಿ, ಕುದುರೆ ಸವಾರ ದಳದ ಅಧಿಕಾರಿ. ದಿನಚರಿ ಬರೆಯುತ್ತಿದ್ದುದು ಹೆಚ್ಚಾಗಿ ಜರ್ಮನ್ ಭಾಷೆಯಲ್ಲಿ. ಇಂಥವನು 1825ರಲ್ಲಿ ಪೊಜೊನಿಯಲ್ಲಿ, ಅಂದರೆ ಈಗಿನ ಸ್ಲೊವಾಕಿಯದ ಬ್ರಾಟಿಸ್ಲಾವಾದಲ್ಲಿ, ಲ್ಯಾಟಿನ್ ಮಾತ್ರ ಕೇಳುತ್ತಿದ್ದ ಮೇಲ್ಮನೆಯಲ್ಲಿ ಎದ್ದು ಹಂಗೇರಿಯನ್ನಿನಲ್ಲಿ ಮಾತಾಡಿದ. ಅದೇ ವರ್ಷ ನವೆಂಬರ್ 3ರಂದು, ಭಾಷೆ ಬೆಳೆಸಲು ಒಂದು ಅಕಾಡೆಮಿ ಬೇಕು ಅನ್ನುವ ಚರ್ಚೆ ನಡೆಯುತ್ತಿದ್ದಾಗ, ತನ್ನ ಎಲ್ಲ ಜಮೀನಿನ ಒಂದು ವರ್ಷದ ಪೂರ್ತಿ ಆದಾಯ ಕೊಡುತ್ತೇನೆ ಅಂದ! ಒಬ್ಬ ಕೊಟ್ಟ ಮೇಲೆ ಇನ್ನು ಮೂವರು ಶ್ರೀಮಂತರೂ ಎದ್ದು ನಿಂತರು. ಹಂಗೇರಿಯ ವಿಜ್ಞಾನ ಅಕಾಡೆಮಿ ಹುಟ್ಟಿದ್ದು ಹೀಗೆ. 1832ಕ್ಕೆ ಕಾಗುಣಿತದ ನಿಯಮ ಹೊರಬಂತು. ದೊಡ್ಡ ನಿಘಂಟು ಆರು ಸಂಪುಟಗಳಲ್ಲಿ ಬಂದಿದ್ದು 1862ರಿಂದ 1874ರವರೆಗೆ. ಭಾಷಣದಿಂದ ನಿಘಂಟಿಗೆ ಐವತ್ತು ವರ್ಷ! ನಮ್ಮ ಪರಿಷತ್ತಿನ ಎಂಟು ಸಂಪುಟಗಳಿಗೂ ದಶಕಗಳೇ ಹಿಡಿದವಲ್ಲ, ಈ ಕೆಲಸವೇ ಹಾಗೆ.

ಇಂಗ್ಲಿಷ್ ಮೀಡಿಯಂನಲ್ಲಿ ಓದಿ, ಬಸ್ಸಿನ ಬೋರ್ಡನ್ನು ಒಂದೊಂದೇ ಅಕ್ಷರ ಕೂಡಿಸಿ ಓದುವ ಗೆಳೆಯ ನಿಮ್ಮ ಜೊತೆಯಲ್ಲೇ ಇದ್ದಾನಲ್ಲ, ಅವನನ್ನು ಹೀಯಾಳಿಸುವ ಮೊದಲು ಈ ಸೇಚೆನಿಯನ್ನು ನೆನೆಯಿರಿ. ಇಷ್ಟು ಸಾಲದಿದ್ದರೆ ಲಿಸ್ಟ್ ಫೆರೆಂಟ್ಸ್‌ನನ್ನೂ ನೆನೆಯಿರಿ. ಬುಡಾಪೆಸ್ಟಿನ ವಿಮಾನ ನಿಲ್ದಾಣಕ್ಕೆ ಇವತ್ತು ಆ ಮಹಾ ಪಿಯಾನೊವಾದಕನ ಹೆಸರಿದೆ. 1840ರಲ್ಲಿ ಪೆಸ್ಟ್ ನಗರದಲ್ಲಿ ಅವನಿಗೆ ಗೌರವದ ಖಡ್ಗ ಕೊಟ್ಟಾಗ, ಹಂಗೇರಿಯನ್ ಸರಿಯಾಗಿ ಬಾರದೆ ಫ್ರೆಂಚಿನಲ್ಲಿ ಧನ್ಯವಾದ ಹೇಳಿದ. ಜನ ಅವನನ್ನು ಓಡಿಸಲಿಲ್ಲ.

1844ರಲ್ಲಿ ಹಂಗೇರಿಯನ್ ಆಡಳಿತ ಭಾಷೆಯಾಯಿತು. 1848ರ ಮಾರ್ಚ್ 15ರಂದು ಕವಿ ಪೆಟೊಫಿ ಶಾಂದೊರ್ ಮತ್ತು ಅವನ ಗೆಳೆಯರು ಸೆನ್ಸಾರಿನವರನ್ನು ಕೇಳದೆ ಪದ್ಯ ಅಚ್ಚು ಹಾಕಿಸಿ ಬೀದಿಯಲ್ಲಿ ಹಂಚಿ ಕ್ರಾಂತಿಗೆ ಬೆಂಕಿ ಹಚ್ಚಿದರು. ಮರುವರ್ಷ ಆಸ್ಟ್ರಿಯವೂ ರಷ್ಯವೂ ಸೇರಿ ಅದನ್ನು ತುಳಿದು ಹಾಕಿದವು. ಪೆಟೊಫಿ ಯುದ್ಧದಲ್ಲಿ ಸತ್ತಾಗ ವಯಸ್ಸು 26. ಅಕ್ಟೋಬರ್ 6ರಂದು ಅರಾದ್‌ನಲ್ಲಿ ಹದಿಮೂರು ಸೇನಾನಿಗಳನ್ನು ಕೊಂದರು. ಕೊಂದವರು ಬಿಯರ್ ಲೋಟ ತಾಗಿಸಿ ಸಂಭ್ರಮಿಸಿದರಂತೆ, ಅದಕ್ಕೇ ಹಂಗೇರಿಯವರು ಬಿಯರ್ ಲೋಟ ತಾಗಿಸುವುದಿಲ್ಲ ಅನ್ನುವುದು ಅವರಲ್ಲಿ ಹೇಳುವ ಕಥೆ. ಕೊನೆಗೆ 1867ರಲ್ಲಿ ವಿಯೆನ್ನಾ ರಾಜಿಗೆ ಬಂತು. ತಮ್ಮ ಸರ್ಕಾರ, ತಮ್ಮ ಭಾಷೆ, ತಮ್ಮ ಶಾಲೆ!

ಇಲ್ಲಿಗೆ ಪುಸ್ತಕ ಮುಚ್ಚಿ ಜೈಕಾರ ಹಾಕೋಣ ಅನ್ನಿಸುತ್ತದೆ. ನಮ್ಮ ಪುಟಗಳಲ್ಲಿ ಹೊರದೇಶದ ಭಾಷೆಗಳ ಕಥೆ ಬರೆಯುವವರು ಸಾಮಾನ್ಯವಾಗಿ ಇಲ್ಲಿಗೇ ನಿಲ್ಲಿಸುತ್ತಾರೆ. ನಾನು ನಿಲ್ಲಿಸುವುದಿಲ್ಲ.

ಅಂದಿನ ಹಂಗೇರಿ ಇಂದಿನದಕ್ಕಿಂತ ಮೂರು ಪಟ್ಟು ದೊಡ್ಡದು. ಅಲ್ಲಿ ಸ್ಲೊವಾಕರಿದ್ದರು, ರೊಮೇನಿಯನ್ನರಿದ್ದರು, ಸರ್ಬರು, ಜರ್ಮನ್ನರು, ರುಥೇನಿಯನ್ನರಿದ್ದರು. ತಲೆ ಎಣಿಸಿದರೆ ಹಂಗೇರಿಯನ್ ಮನೆಮಾತಿನವರು ಅರ್ಧದ ಆಸುಪಾಸು. 1868ರಲ್ಲಿ ಒಂದು ಒಳ್ಳೆಯ ಕಾನೂನು ಮಾಡಿದರು: ಚಿಕ್ಕ ಮಕ್ಕಳಿಗೆ ಅವರವರ ನುಡಿಯಲ್ಲಿ ಪಾಠ, ಊರಿನ ಆಡಳಿತ ಊರಿನ ನುಡಿಯಲ್ಲಿ. ಕಾನೂನು ಕಾಗದದಲ್ಲೇ ಉಳಿಯಿತು. 1874-75ರಲ್ಲಿ ಸ್ಲೊವಾಕರ ಮೂರು ಪ್ರೌಢಶಾಲೆಗಳನ್ನೂ, ಅವರ ಭಾಷಾ ಸಂಸ್ಥೆ ಮಾತಿತ್ಸಾವನ್ನೂ ಮುಚ್ಚಿಸಿದರು. ತಾವು ಐವತ್ತು ವರ್ಷ ಹಿಂದೆ ಯಾವ ಅಕಾಡೆಮಿಗಾಗಿ ಜಮೀನಿನ ಆದಾಯ ಸುರಿದರೋ, ಅಂಥದೇ ಒಂದನ್ನು ಪಕ್ಕದವರು ಕಟ್ಟಿಕೊಂಡಾಗ ಬೀಗ ಜಡಿದರು! 1879ರಲ್ಲಿ ಎಲ್ಲ ಪ್ರಾಥಮಿಕ ಶಾಲೆಗಳಿಗೂ ಹಂಗೇರಿಯನ್ ಕಡ್ಡಾಯ. 1907ರಲ್ಲಿ ಮಂತ್ರಿ ಅಪ್ಪೊನಿಯ ಕಾನೂನು ಅದನ್ನು ಇನ್ನೂ ಬಿಗಿ ಮಾಡಿತು. ಅದೇ ವರ್ಷ ಅಕ್ಟೋಬರ್ 27ರಂದು ಚೆರ್ನೊವಾ ಎಂಬ ಸ್ಲೊವಾಕ್ ಹಳ್ಳಿಯಲ್ಲಿ ಜನ ತಾವೇ ಕಟ್ಟಿಸಿದ ಚರ್ಚಿನ ಪ್ರತಿಷ್ಠೆಗೆ ತಮ್ಮ ಊರಿನ ಪಾದ್ರಿಯೇ ಬರಲಿ ಅಂತ ಅಡ್ಡ ನಿಂತರು. ಪೊಲೀಸರು ಗುಂಡು ಹಾರಿಸಿದರು. 15 ಹೆಣ.

ಎರಡನೇ ಜೋಸೆಫ್ ತಮಗೆ ಮಾಡಿದ್ದನ್ನು ಇವರು ಮರೆತಿರಲಿಲ್ಲ. ಅದನ್ನೇ ತಿರುಗಿಸಿ ಬೇರೆಯವರಿಗೆ ಮಾಡಿದರು, ಅಷ್ಟೇ.

ಮೊದಲ ಮಹಾಯುದ್ಧ ಸೋತ ಮೇಲೆ 1920ರ ಜೂನ್ 4ರಂದು ಟ್ರಿಯನಾನ್ ಒಪ್ಪಂದ. ಹಂಗೇರಿಯ ಮೂರರಲ್ಲಿ ಎರಡು ಭಾಗ ನೆಲ ಹೋಯಿತು, 30 ಲಕ್ಷಕ್ಕೂ ಹೆಚ್ಚು ಹಂಗೇರಿಯನ್ನರು ರಾತ್ರಿ ಬೆಳಗಾಗುವುದರಲ್ಲಿ ಹೊರದೇಶದವರಾದರು. ಶಾಲೆಯ ಕಾನೂನೊಂದೇ ಇದಕ್ಕೆ ಕಾರಣ ಅಂತ ನಾನು ಹೇಳುವುದಿಲ್ಲ. ಗೆದ್ದವರು ಗೆರೆ ಎಳೆಯುವಾಗ ನ್ಯಾಯ ನೋಡಲಿಲ್ಲ, ಅಪ್ಪಟ ಹಂಗೇರಿಯನ್ ಊರುಗಳನ್ನೂ ಕಿತ್ತುಕೊಟ್ಟರು. ಆದರೆ ಬಿಟ್ಟು ಹೋಗುವ ಹೊತ್ತು ಬಂದಾಗ ‘ನಾವು ನಿಮ್ಮ ಜೊತೆಗೇ ಇರುತ್ತೇವೆ’ ಅಂತ ಹೇಳುವ ಸ್ಲೊವಾಕ, ರೊಮೇನಿಯನ್ ಬಾಯಿಗಳು ಎಷ್ಟು ಉಳಿದಿದ್ದವು? ಆಮೇಲೆ ಗಡಿಯಾಚೆ ಉಳಿದ ಹಂಗೇರಿಯನ್ ಮಕ್ಕಳ ಸರದಿ. 1959ರಲ್ಲಿ ರೊಮೇನಿಯದ ಕ್ಲುಜ್ ನಗರದಲ್ಲಿ ಹಂಗೇರಿಯನ್ ವಿಶ್ವವಿದ್ಯಾಲಯವನ್ನು ರೊಮೇನಿಯನ್ ವಿಶ್ವವಿದ್ಯಾಲಯದೊಳಗೆ ಸೇರಿಸಿ ಕರಗಿಸಿದರು. 2017ರಲ್ಲಿ ಉಕ್ರೇನಿನ ಶಿಕ್ಷಣ ಕಾನೂನು ಅಲ್ಪಸಂಖ್ಯಾತರ ನುಡಿಯ ಪಾಠಕ್ಕೆ ಮಿತಿ ಹಾಕಿದಾಗ ಬುಡಾಪೆಸ್ಟ್ ಬೊಬ್ಬೆ ಹೊಡೆಯಿತು. ಬೊಬ್ಬೆ ನ್ಯಾಯವೇ. ಅಪ್ಪೊನಿಯನ್ನೂ ಒಮ್ಮೆ ನೆನೆದಿದ್ದರೆ ಇನ್ನೂ ನ್ಯಾಯವಾಗುತ್ತಿತ್ತು.

ಹೋಗಲಿ, ‘ಶುದ್ಧ ಹಂಗೇರಿಯನ್’ ಅನ್ನುವುದಾದರೂ ಏನು? ಕ್ರಾಂತಿಯ ಕವಿ ಪೆಟೊಫಿಯ ಹುಟ್ಟಿನ ಹೆಸರು ಪೆತ್ರೊವಿಚ್, ತಾಯಿಯ ಮನೆಮಾತು ಸ್ಲೊವಾಕ್. ಊಟದ ವಿಷಯಕ್ಕೆ ಬನ್ನಿ. ಹಂಗೇರಿ ಅಂದರೆ ಪಾಪ್ರಿಕಾ, ಅವರ ಕೆಂಪು ಮೆಣಸಿನ ಪುಡಿ. ಮೆಣಸಿನಕಾಯಿ ಅಮೆರಿಕದಿಂದ ಬಂದದ್ದು, ಅವರಿಗೆ ಮುಟ್ಟಿಸಿದವರು ತುರ್ಕರು. ಬ್ಯಾಡಗಿಯ ಹಾಗೆ ಬಣ್ಣ ಹೆಚ್ಚು, ಖಾರ ಕಡಿಮೆ. ಈರುಳ್ಳಿ ಬಾಡಿಸಿ, ಪಾತ್ರೆಯನ್ನು ಒಲೆಯಿಂದ ಇಳಿಸಿ ಪುಡಿ ಹಾಕುತ್ತಾರೆ, ಸೀದರೆ ಕಹಿಯಾಗುತ್ತದೆ ಅಂತ. ‘ಪಾಪ್ರಿಕಾ’ ಅನ್ನುವ ಹೆಸರೋ, ಸ್ಲಾವ್ ನುಡಿಯಿಂದ ಬಂದದ್ದು! ಗುಯಾಶ್ ಅಂದರೆ ದನಗಾಹಿ. ದನಗಾಹಿಗಳು ಬಯಲಲ್ಲಿ ಕಡಾಯಿ ತೂಗುಹಾಕಿ ಮಾಡುತ್ತಿದ್ದ ಮಾಂಸದ ಸಾರು ಅದು. ಹೊರದೇಶದ ಹೋಟೆಲುಗಳಲ್ಲಿ ಗುಲಾಶ್ ಅಂತ ಕೊಡುವ ಗಟ್ಟಿ ಗೊಜ್ಜಿಗೆ ಅವರಲ್ಲಿ ಬೇರೆಯದೇ ಹೆಸರು. ಸೆಗೆದ್ ಊರಿನಲ್ಲಿ ಸೆಂಟ್-ಜ್ಯೋರ್ಜಿ ಆಲ್ಬರ್ಟ್ ಎಂಬ ವಿಜ್ಞಾನಿಗೆ ಒಂದು ರಾತ್ರಿ ಹೆಂಡತಿ ಊಟಕ್ಕೆ ಪಾಪ್ರಿಕಾ ಕಾಯಿ ಬಡಿಸಿದಳಂತೆ. ತಿನ್ನಲು ಮನಸ್ಸಿಲ್ಲದೆ ಅದನ್ನು ಪ್ರಯೋಗಾಲಯಕ್ಕೆ ಒಯ್ದ. ಅದರಲ್ಲಿ ‘ಸಿ’ ವಿಟಮಿನ್ ತುಂಬಿ ತುಳುಕುತ್ತಿತ್ತು. 1937ರಲ್ಲಿ ನೊಬೆಲ್ ಬಂತು.

ಆಟವೂ ಅಷ್ಟೇ. 1953ರ ನವೆಂಬರ್ 25ರಂದು ಲಂಡನ್ನಿನ ವೆಂಬ್ಲಿಯಲ್ಲಿ, ಲಕ್ಷಕ್ಕೂ ಹೆಚ್ಚು ಜನರ ಮುಂದೆ, ಹಂಗೇರಿ ಇಂಗ್ಲೆಂಡನ್ನು 6-3ರಿಂದ ಬಡಿಯಿತು. ಅಲ್ಲಿಯವರೆಗೆ ಯುರೋಪ್ ಭೂಖಂಡದ ಯಾವ ತಂಡವೂ ಇಂಗ್ಲೆಂಡನ್ನು ಅದರ ನೆಲದಲ್ಲಿ ಸೋಲಿಸಿರಲಿಲ್ಲ. ಆರು ತಿಂಗಳಾದ ಮೇಲೆ ಬುಡಾಪೆಸ್ಟಿನಲ್ಲಿ 7-1! ಆದರೆ 1954ರ ವಿಶ್ವಕಪ್ ಫೈನಲಿನಲ್ಲಿ, ಅದೇ ಪಂದ್ಯಾವಳಿಯಲ್ಲಿ 8-3ರಿಂದ ಸೋಲಿಸಿದ್ದ ಪಶ್ಚಿಮ ಜರ್ಮನಿಗೇ 2-3ರಿಂದ ಸೋತರು. ಆ ತಂಡದ ನಾಯಕ ಪುಶ್ಕಾಶ್ ಫೆರೆಂಟ್ಸ್. ಅವನ ಮನೆತನ ಜರ್ಮನ್ ಮೂಲದ್ದು, 1937ರವರೆಗೆ ಹೆಸರು ಪುರ್ಚೆಲ್ಡ್.

1956ರ ಅಕ್ಟೋಬರಿನಲ್ಲಿ ಬುಡಾಪೆಸ್ಟಿನ ವಿದ್ಯಾರ್ಥಿಗಳು ಬಾವುಟದ ನಡುವಿನ ಲಾಂಛನ ಕತ್ತರಿಸಿ ಬೀದಿಗಿಳಿದರು, ನವೆಂಬರ್ 4ರಂದು ರಷ್ಯದ ಟ್ಯಾಂಕುಗಳು ಬಂದವು, ಸುಮಾರು ಎರಡು ಲಕ್ಷ ಜನ ದೇಶ ಬಿಟ್ಟರು. ಪುಶ್ಕಾಶ್ ಕೂಡ ಹಿಂತಿರುಗಲಿಲ್ಲ. ಆ ವರ್ಷ ಮೆಲ್ಬರ್ನ್ ಒಲಿಂಪಿಕ್ಸಿನ ಫುಟ್‌ಬಾಲಿನಲ್ಲಿ ಹಂಗೇರಿ ಆಡಬೇಕಿದ್ದುದು ಯಾರ ಜೊತೆ ಗೊತ್ತೆ? ಭಾರತದ ಜೊತೆ! ಅವರು ಹಿಂದೆ ಸರಿದರು, ನಾವು ಆಡದೆಯೇ ಮುಂದಿನ ಸುತ್ತಿಗೆ ಹೋಗಿ, ಆಸ್ಟ್ರೇಲಿಯವನ್ನು ಸೋಲಿಸಿ, ಕೊನೆಗೆ ನಾಲ್ಕನೆಯವರಾದೆವು. ಅಲ್ಲೇ ಡಿಸೆಂಬರ್ 6ರಂದು ವಾಟರ್ ಪೋಲೊದಲ್ಲಿ ಹಂಗೇರಿ ರಷ್ಯದವರನ್ನು 4-0ರಿಂದ ಸೋಲಿಸಿತು. ಜಾದೊರ್ ಎರ್ವಿನ್ ಎಂಬ ಆಟಗಾರ ಕಣ್ಣಿನ ಕೆಳಗೆ ಏಟು ತಿಂದು ರಕ್ತ ಸುರಿಸುತ್ತಾ ಈಜುಕೊಳದಿಂದ ಎದ್ದು ಬಂದ ಚಿತ್ರ ಲೋಕವೆಲ್ಲ ನೋಡಿತು. ಚಿನ್ನ ಹಂಗೇರಿಗೇ ಬಂತು. ಜಾದೊರ್ ಅಮೆರಿಕದಲ್ಲಿ ನೆಲೆಸಿ ಈಜು ಕಲಿಸುವ ಕೋಚ್ ಆದ.

ಇವರೆಲ್ಲರಿಗಿಂತ ನನಗೆ ಹತ್ತಿರದವರು ಇಬ್ಬರು. ಒಬ್ಬ ಕ್ಯೊರೊಶಿ ಚೋಮ ಶಾಂದೊರ್. ತನ್ನ ಜನ ಏಷ್ಯದ ಯಾವ ಮೂಲೆಯಿಂದ ಬಂದರು ಅಂತ ಹುಡುಕಲು 1819ರಲ್ಲಿ ಮನೆ ಬಿಟ್ಟ. ಬಹಳಷ್ಟು ದೂರ ನಡೆದೇ ಬಂದು ಲಡಾಖ್ ಕಡೆಯ ಜಾನ್‌ಸ್ಕಾರಿನ ಚಳಿಯಲ್ಲಿ ಕೂತು ಟಿಬೆಟನ್ ಕಲಿತ. 1834ರಲ್ಲಿ ಕಲ್ಕತ್ತಾದಲ್ಲಿ ಟಿಬೆಟನ್-ಇಂಗ್ಲಿಷ್ ನಿಘಂಟು, ವ್ಯಾಕರಣ ಪ್ರಕಟಿಸಿದ. 1842ರಲ್ಲಿ ಡಾರ್ಜಿಲಿಂಗಿನಲ್ಲಿ ಸತ್ತ, ಸಮಾಧಿ ಅಲ್ಲೇ ಇದೆ. ತನ್ನ ನೆಂಟರು ಸಿಗಲಿಲ್ಲ, ಬೇರೆಯವರ ನುಡಿಗೆ ಕಿಟ್ಟೆಲ್ ಆದ. ಇನ್ನೊಬ್ಬ ಸಂಗೀತಗಾರ ಬಾರ್ತೋಕ್ ಬೇಲಾ. ಅಪ್ಪೊನಿ ಶಾಲೆಗಳನ್ನು ಬಿಗಿ ಮಾಡುತ್ತಿದ್ದ ಅದೇ ವರ್ಷಗಳಲ್ಲಿ ಈತ ಫೋನೊಗ್ರಾಫ್ ಹೊತ್ತು ಹಳ್ಳಿ ಹಳ್ಳಿ ಸುತ್ತಿದ. ಹಂಗೇರಿಯನ್ ಹಾಡು ಮಾತ್ರ ಅಲ್ಲ, ಸ್ಲೊವಾಕ್ ಮತ್ತು ರೊಮೇನಿಯನ್ ಹಾಡುಗಳನ್ನೂ ಸಾವಿರಗಟ್ಟಲೆ ಬರೆದುಕೊಂಡ. ಟ್ರಿಯನಾನ್ ವರ್ಷ ರೊಮೇನಿಯನ್ ಹಾಡಿನ ಬಗ್ಗೆ ಬರೆದದ್ದಕ್ಕೆ ಅವನನ್ನು ದೇಶದ್ರೋಹಿ ಎಂಬಂತೆ ಬೈದರು.

ಕೊನೆಯದಾಗಿ ಒಂದು. 1900ರ ಜನಗಣತಿಯಲ್ಲಿ ಹಂಗೇರಿಯನ್ನರು ಅರ್ಧ ದಾಟಿದ್ದು ಹೇಗೆ? ಹಂಗೇರಿಯನ್ನನ್ನೇ ಮನೆಮಾತು ಮಾಡಿಕೊಂಡಿದ್ದ ಲಕ್ಷಾಂತರ ಯೆಹೂದಿಗಳನ್ನೂ ಸೇರಿಸಿ ಎಣಿಸಿದ್ದರಿಂದ. ಆಗ ಅವರು ನಮ್ಮವರು. ಟ್ರಿಯನಾನ್ ಆಗಿ ಎಣಿಕೆ ಮುಗಿದ ಮೇಲೆ, 1920ರಲ್ಲೇ, ಕಾಲೇಜಿನಲ್ಲಿ ಅವರ ಮಕ್ಕಳಿಗೆ ಮಿತಿ. 1944ರಲ್ಲಿ ಜರ್ಮನ್ ಸೇನೆ ಬಂದ ಮೇಲೆ ಹಂಗೇರಿಯ ಅಧಿಕಾರಿಗಳೇ ಮುಂದೆ ನಿಂತು ಎಂಟು ವಾರದಲ್ಲಿ ನಾಲ್ಕು ಲಕ್ಷಕ್ಕೂ ಹೆಚ್ಚು ಯೆಹೂದಿಗಳನ್ನು ರೈಲಿಗೆ ತುಂಬಿ ಕಳಿಸಿದರು, ಹೆಚ್ಚಿನವರನ್ನು ಆಶ್‌ವಿಟ್ಜ್‌ಗೆ. ಕವಿ ರಾದ್ನೋತಿ ಮಿಕ್ಲೋಶ್ ಯೆಹೂದಿ ಮನೆಯಲ್ಲಿ ಹುಟ್ಟಿದವನು. ಸರ್ಬಿಯದ ಬೋರ್ ಗಣಿಯ ಕಡೆ ಕೂಲಿಗೆ ದೂಡಿ, ಅಲ್ಲಿಂದ ನಡೆಸಿಕೊಂಡು ತಂದು, ನಡೆಯಲಾಗದವರ ಜೊತೆ ಅವನನ್ನು ನವೆಂಬರಿನಲ್ಲಿ ಅಬ್ದಾ ಎಂಬ ಹಳ್ಳಿಯ ಹತ್ತಿರ ಗುಂಡಿಕ್ಕಿದರು. ಗುಂಡು ಹಾರಿಸಿದವರು ಅವನು ಬರೆಯುತ್ತಿದ್ದ ಭಾಷೆಯನ್ನೇ ಆಡುತ್ತಿದ್ದರು. 1946ರಲ್ಲಿ ಗುಂಡಿ ಅಗೆದಾಗ ಕೋಟಿನ ಜೇಬಿನಲ್ಲಿ ಒಂದು ಸಣ್ಣ ನೋಟ್‌ಬುಕ್ ಸಿಕ್ಕಿತು. ಒಳಗೆ ಹಂಗೇರಿಯನ್ ಪದ್ಯಗಳು. ಮೊದಲ ಪುಟದಲ್ಲಿ, ಇದು ಒಬ್ಬ ಹಂಗೇರಿಯನ್ ಕವಿಯ ಪದ್ಯಗಳ ಪುಸ್ತಕ, ಸಿಕ್ಕಿದವರು ದಯವಿಟ್ಟು ಬುಡಾಪೆಸ್ಟಿಗೆ ತಲುಪಿಸಿ ಎಂಬ ಕೋರಿಕೆ. ಅದನ್ನು ಅವನು ಐದು ಭಾಷೆಗಳಲ್ಲಿ ಬರೆದಿದ್ದ: ಹಂಗೇರಿಯನ್, ಸರ್ಬಿಯನ್, ಜರ್ಮನ್, ಫ್ರೆಂಚ್, ಇಂಗ್ಲಿಷ್.